ಬಿಷಪರ ಬದುಕು, ಸೇವೆ ಮತ್ತು ಲಾಂಛನ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಬಿಷಪ್ ನೇಮಕವಾದ ಸುದ್ದಿ ಬಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಇವರನ್ನು ಆರಿಸಿದ್ದು ಯಾರು? ಎಷ್ಟು ವರ್ಷ ಇರುತ್ತಾರೆ? ಆ ಹಸಿರು ಟೋಪಿ, ಕುಚ್ಚುಗಳ ಚಿತ್ರ ಏನು? ಲಾಂಛನದ ಬಗ್ಗೆ ಕೇಳುವವರೇ ಜಾಸ್ತಿ. ಆದರೆ ಬಿಷಪರ ಕೆಲಸ ಏನೆಂದು ಗೊತ್ತಿಲ್ಲದಿದ್ದರೆ ಲಾಂಛನ ಬರೀ ಚಂದದ ಚಿತ್ರವಾಗಿ ಉಳಿದುಬಿಡುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ. ಇಲ್ಲಿ ಹೇಳಿರುವುದು ಹೆಚ್ಚಾಗಿ ಲ್ಯಾಟಿನ್ ಪದ್ಧತಿಯ ಕಥೋಲಿಕ ಧರ್ಮಸಭೆಗೆ ಸೇರಿದ್ದು. ಪೂರ್ವ ಪದ್ಧತಿಯ ಕಥೋಲಿಕ ಸಭೆಗಳಿಗೆ ತಮ್ಮದೇ ಕಾನೂನು, ತಮ್ಮದೇ ಸಂಪ್ರದಾಯ ಇದೆ.

ಬಿಷಪ್‌ಗೂ ಫಾದರ್‌ಗೂ ಏನು ವ್ಯತ್ಯಾಸ?

ಫಾದರ್ ಒಂದು ಚರ್ಚಿನ ಜನರನ್ನು ನೋಡಿಕೊಳ್ಳುತ್ತಾರೆ. ಬಿಷಪ್, ಅಂದರೆ ಧರ್ಮಾಧ್ಯಕ್ಷರು, ಹಲವು ಚರ್ಚುಗಳು ಸೇರಿದ ಇಡೀ ಧರ್ಮಪ್ರಾಂತ್ಯದ ಹೊಣೆ ಹೊರುತ್ತಾರೆ. ಅಲ್ಲಿನ ಗುರುಗಳು, ಅಂದರೆ ಫಾದರ್‌ಗಳು, ಅವರ ಪರವಾಗಿ ಸೇವೆ ಮಾಡುತ್ತಾರೆ. ಆದರೆ ಬಿಷಪ್ ಅಂದರೆ ಬಡ್ತಿ ಪಡೆದ ಫಾದರ್ ಅಂದುಕೊಳ್ಳಬೇಡಿ. ಅದು ಬೇರೆಯೇ ದೀಕ್ಷೆ. ಸೇವಕರು (ಡೀಕನ್), ಗುರುಗಳು, ಧರ್ಮಾಧ್ಯಕ್ಷರು ಎಂಬ ಮೂರು ಹಂತಗಳಲ್ಲಿ ಇದು ಪೂರ್ಣ ಹಂತ ಎಂದು ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಹೇಳಿತು. ಬಿಷಪರು ಅಪೊಸ್ತಲರ, ಅಂದರೆ ಯೇಸು ಆರಿಸಿಕೊಂಡ ಶಿಷ್ಯರ, ಉತ್ತರಾಧಿಕಾರಿಗಳು ಎಂಬುದು ಧರ್ಮಸಭೆಯ ನಂಬಿಕೆ. ಗುರುದೀಕ್ಷೆ ಕೊಡುವ ಅಧಿಕಾರ ಬಿಷಪರಿಗೆ ಮಾತ್ರ ಇದೆ. ಹಾಗಾಗಿ ಬಿಷಪ್ ಇಲ್ಲದೆ ಹೊಸ ಗುರುಗಳಿಲ್ಲ, ಗುರುಗಳಿಲ್ಲದೆ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ (ಮಾಸ್) ಇಲ್ಲ.

ಯಾರು ಬಿಷಪ್ ಆಗಬಹುದು?

ಕನಿಷ್ಠ 35 ವರ್ಷ ಆಗಿರಬೇಕು, ಗುರುದೀಕ್ಷೆ ಪಡೆದು ಕನಿಷ್ಠ 5 ವರ್ಷ ಕಳೆದಿರಬೇಕು. ಬೈಬಲ್, ದೈವಶಾಸ್ತ್ರ ಅಥವಾ ಧರ್ಮಸಭೆಯ ಕಾನೂನಿನಲ್ಲಿ ಉನ್ನತ ಪದವಿ ಇರಬೇಕು, ಇಲ್ಲವೇ ಆ ವಿಷಯಗಳಲ್ಲಿ ನಿಜವಾದ ಪಾಂಡಿತ್ಯ ಇರಬೇಕು. 1983ರ ಕಾನೂನು ಸಂಹಿತೆ ಇದನ್ನೆಲ್ಲ 378ನೇ ವಿಧಿಯಲ್ಲಿ ಹೇಳುತ್ತದೆ. ಗಟ್ಟಿ ನಂಬಿಕೆ, ಒಳ್ಳೆಯ ನಡತೆ, ಜನರ ಮೇಲೆ ಕಾಳಜಿ, ವಿವೇಕ, ಒಳ್ಳೆಯ ಹೆಸರು ಎಂಬ ಗುಣಗಳು ಆ ಪಟ್ಟಿಯಲ್ಲಿ ಮೊದಲು ಬರುತ್ತವೆ, ವಯಸ್ಸು ಮತ್ತು ಪದವಿ ಆಮೇಲೆ. ಈ ಕ್ರಮ ನನಗೆ ಸರಿ ಅನ್ನಿಸುತ್ತದೆ.

ಬಿಷಪರನ್ನು ಆರಿಸುವುದು ಹೇಗೆ? ಅರ್ಜಿ ಹಾಕಬಹುದೇ?

ಅರ್ಜಿ ಇಲ್ಲ, ಪ್ರಚಾರ ಇಲ್ಲ. ಅಕ್ಕಪಕ್ಕದ ಕೆಲವು ಧರ್ಮಪ್ರಾಂತ್ಯಗಳು ಸೇರಿದ ಒಂದು ಪ್ರಾಂತದ ಬಿಷಪರು ಕನಿಷ್ಠ ಮೂರು ವರ್ಷಕ್ಕೊಮ್ಮೆ ಯೋಗ್ಯ ಗುರುಗಳ ಪಟ್ಟಿಯನ್ನು ಗುಟ್ಟಾಗಿ ತಯಾರಿಸಿ ರೋಮ್‌ಗೆ ಕಳಿಸುತ್ತಾರೆ. ಒಂದು ಧರ್ಮಪ್ರಾಂತ್ಯ ಖಾಲಿಯಾದಾಗ ಆ ದೇಶದಲ್ಲಿರುವ ಪೋಪರ ರಾಯಭಾರಿ ವಿಚಾರಣೆ ಶುರು ಮಾಡುತ್ತಾರೆ. ಪರಿಗಣನೆಯಲ್ಲಿರುವ ಗುರುವನ್ನು ಬಲ್ಲವರಿಗೆ ಪ್ರಶ್ನಾವಳಿ ಹೋಗುತ್ತದೆ. ಜನಸಾಮಾನ್ಯರಲ್ಲಿ ವಿವೇಕಿಗಳು ಅನ್ನಿಸಿದವರನ್ನೂ ಕೇಳಬಹುದು. ಉತ್ತರ ಕೊಟ್ಟವರು ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಕೊನೆಗೆ ಮೂರು ಹೆಸರುಗಳು ರೋಮ್ ತಲುಪುತ್ತವೆ. ಅಲ್ಲಿ ಬಿಷಪರ ನೇಮಕಾತಿ ನೋಡುವ ಇಲಾಖೆ ಚರ್ಚಿಸಿ ಪೋಪರ ಮುಂದಿಡುತ್ತದೆ. ಮಿಷನ್ ಪ್ರದೇಶಗಳಾದರೆ ಸುವಾರ್ತಾ ಪ್ರಸಾರದ ಇಲಾಖೆ ಈ ಕೆಲಸ ಮಾಡುತ್ತದೆ. ಕೊನೆಯ ಮಾತು ಪೋಪರದ್ದು. ಅವರು ಮೂವರನ್ನೂ ಬಿಟ್ಟು ಬೇರೆಯವರನ್ನು ನೇಮಿಸಲೂಬಹುದು.

ಈಗಿನ ಪೋಪ್ 14ನೇ ಲಿಯೋ ಈ ದಾರಿಯ ಎರಡೂ ತುದಿ ಬಲ್ಲವರು. ಪೆರುವಿನ ಚಿಕ್ಲಾಯೊದಲ್ಲಿ ಬಿಷಪ್ ಆಗಿದ್ದರು. 2023ರಿಂದ ಬಿಷಪರನ್ನು ಆರಿಸುವ ಇಲಾಖೆಯ ಮುಖ್ಯಸ್ಥರಾಗಿದ್ದರು. 2025ರ ಮೇ 8ರಂದು ಪೋಪ್ ಆದರು.

ದೀಕ್ಷೆಯ ದಿನ ಏನೇನು ನಡೆಯುತ್ತದೆ?

ನೇಮಕದ ಪತ್ರ ಕೈಸೇರಿದ ಮೂರು ತಿಂಗಳೊಳಗೆ ದೀಕ್ಷೆ ಆಗಬೇಕು. ದೀಕ್ಷೆ ಕೊಡಲು ಒಬ್ಬ ಪ್ರಧಾನ ಬಿಷಪ್ ಮತ್ತು ಕನಿಷ್ಠ ಇಬ್ಬರು ಜೊತೆ ಬಿಷಪರು ಇರುತ್ತಾರೆ. ಮೊದಲು ಪೋಪರ ಪತ್ರವನ್ನು ಎಲ್ಲರೆದುರು ಓದುತ್ತಾರೆ. ಆಮೇಲೆ ಪ್ರಶ್ನೆಗಳು: ಬಡವರಿಗೆ, ದಿಕ್ಕಿಲ್ಲದವರಿಗೆ ಕರುಣೆ ತೋರುವಿರಾ? ದಾರಿ ತಪ್ಪಿದ ಕುರಿಗಳನ್ನು ಹುಡುಕಿಕೊಂಡು ಹೋಗುವಿರಾ? ಹೀಗೆ ಒಂದೊಂದಕ್ಕೂ ಒಪ್ಪಿಗೆ ಕೊಡಬೇಕು. ನಂತರ ಸಂತರ ಪ್ರಾರ್ಥನಾಮಾಲೆ ಮುಗಿಯುವವರೆಗೂ ಅವರು ನೆಲದ ಮೇಲೆ ಬೋರಲು ಮಲಗಿರುತ್ತಾರೆ.

ಮುಂದಿನ ಕ್ಷಣವೇ ದೀಕ್ಷೆಯ ತಿರುಳು. ಬಂದಿರುವ ಬಿಷಪರೆಲ್ಲ ಒಬ್ಬೊಬ್ಬರಾಗಿ ಮಾತಿಲ್ಲದೆ ಅವರ ತಲೆಯ ಮೇಲೆ ಕೈಯಿಡುತ್ತಾರೆ. ಆಮೇಲೆ ಶುಭಸಂದೇಶದ ಗ್ರಂಥವನ್ನು ಬಿಡಿಸಿ ತಲೆಯ ಮೇಲೆ ಇಡುತ್ತಾರೆ. ದೀಕ್ಷಾ ಪ್ರಾರ್ಥನೆ ಮುಗಿಯುವ ತನಕ ಇಬ್ಬರು ಡೀಕನ್‌ಗಳು ಅದನ್ನು ಹಾಗೆಯೇ ಹಿಡಿದಿರುತ್ತಾರೆ. ಮುಂದೆ ಆಳುವ ಮನುಷ್ಯ ಈಗ ಗ್ರಂಥದ ಕೆಳಗೆ ಮಂಡಿಯೂರಿದ್ದಾನೆ! ಇಡೀ ವಿಧಿಯಲ್ಲಿ ಇದಕ್ಕಿಂತ ಅರ್ಥವುಳ್ಳ ದೃಶ್ಯ ಇಲ್ಲ ಎಂದೇ ನನ್ನ ಅಭಿಪ್ರಾಯ. ತಲೆಗೆ ಪವಿತ್ರ ತೈಲ ಹಚ್ಚಿ, ಗ್ರಂಥ, ಉಂಗುರ, ಮೈಟರ್ ಎಂಬ ಎತ್ತರದ ಕಿರೀಟ, ಕುರುಬನ ಕೋಲು ಕೊಡುವುದು ಇದಾದ ಮೇಲೆ. ಫೋಟೋಗಳಲ್ಲಿ ಕಾಣುವುದು ಈ ಕೊನೆಯ ಭಾಗವೇ ಜಾಸ್ತಿ.

ದಿನನಿತ್ಯ ಬಿಷಪರು ಮಾಡುವ ಕೆಲಸ ಏನು?

ಬೋಧಿಸುವುದು, ಪವಿತ್ರಗೊಳಿಸುವುದು, ಮುನ್ನಡೆಸುವುದು ಎಂದು ಪುಸ್ತಕದಲ್ಲಿ ಇರುತ್ತದೆ. ಬಿಡಿಸಿ ಹೇಳಿದರೆ ಹೀಗೆ. ಸ್ನಾನದೀಕ್ಷೆ ಪಡೆದವರ ನಂಬಿಕೆಯನ್ನು ಗಟ್ಟಿ ಮಾಡುವ ದೃಢೀಕರಣ ಸಂಸ್ಕಾರ ಕೊಡುತ್ತಾರೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ತೈಲಗಳನ್ನು ಆಶೀರ್ವದಿಸುತ್ತಾರೆ. ಆ ವರ್ಷ ಧರ್ಮಪ್ರಾಂತ್ಯದಲ್ಲಿ ನಡೆಯುವ ಸ್ನಾನದೀಕ್ಷೆ, ದೃಢೀಕರಣಗಳಿಗೆ ಹೋಗುವುದು ಅದೇ ತೈಲ. ಗುರುಗಳನ್ನು ಚರ್ಚುಗಳಿಗೆ ನೇಮಿಸುತ್ತಾರೆ, ವರ್ಗ ಮಾಡುತ್ತಾರೆ. ಮದುವೆ ಅಸಿಂಧು ಎಂದು ಬರುವ ಅರ್ಜಿಗಳನ್ನು ವಿಚಾರಿಸಲು ನ್ಯಾಯಮಂಡಳಿ ನಡೆಸುತ್ತಾರೆ. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ತಮ್ಮ ಜನರ ಸಲುವಾಗಿ ಬಲಿಪೂಜೆ ಅರ್ಪಿಸಲೇಬೇಕು. ಇಡೀ ಧರ್ಮಪ್ರಾಂತ್ಯವನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಸುತ್ತಿ ಬರಬೇಕು. ರಜೆಯೆಂದು ವರ್ಷಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಊರು ಬಿಟ್ಟಿರುವಂತಿಲ್ಲ.

ಈ ಕೊನೆಯ ನಿಯಮ ಸಣ್ಣದು ಅನ್ನಿಸಬಹುದು. ಒಂದು ಕಾಲದಲ್ಲಿ ಬಿಷಪರು ಆದಾಯ ಮಾತ್ರ ತೆಗೆದುಕೊಂಡು ಬೇರೆಲ್ಲೋ ಇರುತ್ತಿದ್ದರು. ಟ್ರೆಂಟ್ ಮಹಾಸಭೆ 1563ರಲ್ಲಿ ಇದರ ವಿರುದ್ಧ ಬಿಗಿ ಕ್ರಮ ತಂದಿತು. ಇಟಲಿಯ ಮಿಲಾನ್‌ಗೆ ಸುಮಾರು 80 ವರ್ಷ ಅಲ್ಲೇ ವಾಸವಿದ್ದ ಆರ್ಚ್‌ಬಿಷಪ್ (ಮಹಾಧರ್ಮಾಧ್ಯಕ್ಷ) ಇರಲಿಲ್ಲ. 1565ರಲ್ಲಿ ಚಾರ್ಲ್ಸ್ ಬೊರೊಮಿಯೊ ಹೋಗಿ ನೆಲೆಸಿದರು. 1576ರಲ್ಲಿ ಪ್ಲೇಗ್ ಬಂದಾಗ ಅಧಿಕಾರಿಗಳು, ಶ್ರೀಮಂತರು ಊರು ಬಿಟ್ಟರು. ಬೊರೊಮಿಯೊ ಉಳಿದರು. ರೋಗಿಗಳ ಬಳಿ ಹೋದರು, ಹಸಿದವರಿಗೆ ಊಟ ಹಾಕಿಸಿದರು, ಬೀದಿಯಲ್ಲಿ ಬರಿಗಾಲಲ್ಲಿ ಪ್ರಾರ್ಥನಾ ಮೆರವಣಿಗೆ ನಡೆಸಿದರು. ಬಿಷಪ್ ಜನರ ನಡುವೆ ಇರಬೇಕು ಎಂಬ ಕಾನೂನಿಗೆ ಅರ್ಥ ಬಂದದ್ದು ಇಂಥವರಿಂದ.

ಬಿಷಪರನ್ನು ಕೇಳುವವರು ಯಾರೂ ಇಲ್ಲವೇ?

ಇದ್ದಾರೆ. ಗುರುಗಳ ಮಂಡಳಿ ಮತ್ತು ಹಣಕಾಸು ಮಂಡಳಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಕಡ್ಡಾಯ. ದೊಡ್ಡ ಆಸ್ತಿ ಮಾರಲು ಹಣಕಾಸು ಮಂಡಳಿಯ ಒಪ್ಪಿಗೆ ಬೇಕು. ಐದು ವರ್ಷಕ್ಕೊಮ್ಮೆ ಪೋಪರಿಗೆ ವರದಿ ಕೊಡಬೇಕು, ರೋಮ್‌ಗೆ ಹೋಗಿ ಪೇತ್ರ ಮತ್ತು ಪೌಲರ ಸಮಾಧಿಗಳಿಗೆ ನಮಿಸಿ ಪೋಪರನ್ನು ಕಾಣಬೇಕು. ಲೈಂಗಿಕ ದೌರ್ಜನ್ಯ ಎಸಗಿದ ಅಥವಾ ಅಂಥ ದೂರನ್ನು ಮುಚ್ಚಿಹಾಕಿದ ಬಿಷಪರ ವಿರುದ್ಧ ದೂರು, ತನಿಖೆ ಹೇಗೆ ನಡೆಯಬೇಕು ಎಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ನಿಯಮ ತಂದರು. 2023ರಲ್ಲಿ ಅದು ಶಾಶ್ವತ ಕಾನೂನಾಯಿತು. ಇದು ಬಹಳ ತಡವಾಗಿ ಬಂತು ಎಂದು ನೊಂದವರು ಹೇಳುವುದು ನ್ಯಾಯವೇ.

ಬಿಷಪರಿಗೆ ಲಾಂಛನ ಯಾಕೆ? ಅದು ರಾಜರದ್ದಲ್ವಾ?

ಯುರೋಪಿನಲ್ಲಿ 12ನೇ ಶತಮಾನದ ಹೊತ್ತಿಗೆ ಯೋಧರು ಗುರಾಣಿಯ ಮೇಲೆ ಗುರುತು ಹಾಕಿಕೊಳ್ಳತೊಡಗಿದರು. ಯಾರು ಯಾರ ಕಡೆಯವರು ಎಂದು ದೂರದಿಂದಲೇ ತಿಳಿಯಲಿ ಎಂಬುದು ಉದ್ದೇಶ. ಬಿಷಪರಿಗೆ ಅದು ಬೇಕಾದದ್ದು ಮುದ್ರೆಗೆ. ಓದು ಬಾರದ ಜನರೇ ತುಂಬಿದ್ದ ಕಾಲದಲ್ಲಿ, ಈ ಪತ್ರ ನಿಜವಾಗಿ ಬಿಷಪರದ್ದೇ ಎಂದು ಅರಗಿನ ಮೇಲಿನ ಮುದ್ರೆಯೇ ಸಾಕ್ಷಿ ಹೇಳುತ್ತಿತ್ತು. ಇವತ್ತಿಗೂ ಅಧಿಕೃತ ಪತ್ರಗಳ ಮೇಲೆ ಲಾಂಛನ ಇರುವುದು ಅದೇ ಕಾರಣಕ್ಕೆ.

ಯುದ್ಧದ ಶಿರಸ್ತ್ರಾಣವನ್ನು ಬಿಷಪರ ಲಾಂಛನದಲ್ಲಿ ಹಾಕುವುದಿಲ್ಲ, ಅದರ ಜಾಗದಲ್ಲಿ ಟೋಪಿ ಬರುತ್ತದೆ. ಮನೆತನದ ಕಿರೀಟ, ಪದವಿಗಳನ್ನು ತೋರಿಸಿಕೊಳ್ಳುವುದನ್ನು ರೋಮ್ 1951ರಲ್ಲಿ ನಿಷೇಧಿಸಿತು. ಅಂದರೆ ಹುಟ್ಟಿನ ಹಿರಿಮೆಯನ್ನು ತೆಗೆದು, ಸೇವೆಯ ಗುರುತನ್ನು ಉಳಿಸಿಕೊಂಡರು.

ಟೋಪಿಯ ಎರಡೂ ಕಡೆ ನೇತಾಡುವ ಕುಚ್ಚುಗಳನ್ನು ಎಣಿಸಬೇಕೇ?

ಎಣಿಸಿ! ಲಾಂಛನ ಓದುವಾಗ ಮೊದಲು ನೋಡಬೇಕಾದದ್ದೇ ಅದು. ಹಸಿರು ಟೋಪಿ, ಪ್ರತಿ ಬದಿಗೆ 6 ಕುಚ್ಚು ಇದ್ದರೆ ಬಿಷಪ್. ಮೇಲಿಂದ ಒಂದು, ಎರಡು, ಮೂರು ಎಂದು ಸಾಲಾಗಿ ಇಳಿಯುತ್ತವೆ. ಹಸಿರಿನಲ್ಲೇ 10 ಇದ್ದರೆ ಆರ್ಚ್‌ಬಿಷಪ್. ಕೆಂಪು ಟೋಪಿ, 15 ಕುಚ್ಚು ಇದ್ದರೆ ಕಾರ್ಡಿನಲ್, ಅಂದರೆ ಪೋಪರ ಹಿರಿಯ ಸಲಹೆಗಾರ. ಗುರಾಣಿಯ ಹಿಂದೆ ನಿಂತಿರುವ ಶಿಲುಬೆಗೆ ಒಂದೇ ಅಡ್ಡಪಟ್ಟಿ ಇದ್ದರೆ ಬಿಷಪ್, ಎರಡು ಇದ್ದರೆ ಆರ್ಚ್‌ಬಿಷಪ್.

ಅಗಲ ಅಂಚಿನ ಈ ಟೋಪಿ ಒಂದು ಕಾಲದಲ್ಲಿ ನಿಜವಾದ ಟೋಪಿಯೇ ಆಗಿತ್ತು. ಕಾರ್ಡಿನಲ್‌ಗಳಿಗೆ ಕೆಂಪು ಟೋಪಿಯನ್ನು ಪೋಪ್ 4ನೇ ಇನ್ನೊಸೆಂಟ್ ಕೊಟ್ಟದ್ದು 1245ರಲ್ಲಿ. 1969ರಲ್ಲಿ ಅದನ್ನು ಕೊಡುವ ಪದ್ಧತಿ ನಿಂತಿತು. ಈಗ ಚಿತ್ರದಲ್ಲಿ ಮಾತ್ರ ಉಳಿದಿದೆ. ಅದೇ ವರ್ಷ ಲಾಂಛನದಿಂದ ಮೈಟರ್ ಮತ್ತು ಕೋಲನ್ನೂ ತೆಗೆಸಿದರು. ಹಳೆಯ ಲಾಂಛನಗಳಲ್ಲಿ ಅವು ಕಂಡರೆ ಗೊಂದಲ ಬೇಡ.

ಎಡ ಯಾವುದು, ಬಲ ಯಾವುದು?

ಗುರಾಣಿ ಹಿಡಿದವರ ಕಡೆಯಿಂದ ಲೆಕ್ಕ ಹಾಕಬೇಕು. ನಮ್ಮ ಎಡಕ್ಕೆ ಕಾಣುವುದು ಗುರಾಣಿಯ ಬಲ, ಅದೇ ಗೌರವದ ಬದಿ. ಧರ್ಮಪ್ರಾಂತ್ಯಕ್ಕೆ ಸ್ವಂತ ಲಾಂಛನ ಇದ್ದು ಎರಡನ್ನೂ ಒಂದೇ ಗುರಾಣಿಯಲ್ಲಿ ಸೇರಿಸಿದರೆ, ಧರ್ಮಪ್ರಾಂತ್ಯದ್ದು ಆ ಗೌರವದ ಬದಿಯಲ್ಲಿ, ಬಿಷಪರದ್ದು ಇನ್ನೊಂದು ಬದಿಯಲ್ಲಿ. ಬಣ್ಣಕ್ಕೂ ನಿಯಮ ಇದೆ. ಚಿನ್ನ ಬೆಳ್ಳಿ ಲೋಹಗಳು, ಕೆಂಪು ನೀಲಿ ಹಸಿರು ಕಪ್ಪು ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಹಾಕುವುದಿಲ್ಲ, ಯಾಕೆಂದರೆ ದೂರದಿಂದ ಕಾಣುವುದಿಲ್ಲ.

ಗುರಾಣಿಯ ಒಳಗೆ ಏನಿರಬೇಕೆಂದು ಯಾರು ತೀರ್ಮಾನಿಸುತ್ತಾರೆ?

ಆಯಾ ಬಿಷಪರೇ, ಲಾಂಛನ ಬಲ್ಲವರ ಸಹಾಯದಿಂದ. ಹೊರಗಿನ ಟೋಪಿ, ಕುಚ್ಚು, ಶಿಲುಬೆ ಪದವಿಯನ್ನು ಹೇಳುತ್ತವೆ. ಅದು ಎಲ್ಲ ಬಿಷಪರಿಗೂ ಒಂದೇ. ಒಳಗಿನದು ಆ ಒಬ್ಬ ಮನುಷ್ಯನ ಕಥೆ. ಕೆಲವನ್ನು ಹತ್ತಿರದಿಂದ ನೋಡೋಣ.

ಜೋಸೆಫ್ ರಾಟ್ಸಿಂಗರ್ 1977ರಲ್ಲಿ ಮ್ಯೂನಿಕ್ ಮತ್ತು ಫ್ರೈಸಿಂಗ್‌ನ ಆರ್ಚ್‌ಬಿಷಪ್ ಆದರು. ಅವರ ಗುರಾಣಿಯಲ್ಲಿ ಬೆನ್ನ ಮೇಲೆ ಹೊರೆ ಹೊತ್ತ ಒಂದು ಕರಡಿ ಇದೆ. ಅದು ಫ್ರೈಸಿಂಗ್‌ನ ಸಂತ ಕೊರ್ಬಿನಿಯನ್ ಅವರ ಕಥೆಯದು. ರೋಮ್‌ಗೆ ಹೋಗುವ ದಾರಿಯಲ್ಲಿ ಕರಡಿಯೊಂದು ಅವರ ಹೊರೆಯ ಕುದುರೆಯನ್ನು ಕೊಂದುಹಾಕಿತಂತೆ. ಸಂತರು ಅದನ್ನು ಗದರಿಸಿ, ಹಾಗಾದರೆ ಹೊರೆ ನೀನೇ ಹೊರು ಎಂದರಂತೆ. ಕರಡಿ ರೋಮ್‌ವರೆಗೂ ಹೊತ್ತು ನಡೆಯಿತು. ಪಾಠ, ಪುಸ್ತಕಗಳ ಬದುಕಿನಲ್ಲಿದ್ದ ಪ್ರಾಧ್ಯಾಪಕರ ಹೆಗಲಿಗೆ ಬಿಷಪ್ ಪದವಿಯ ಭಾರ ಬಂದಿತ್ತು. ಅವರು ಆ ಕರಡಿಯಲ್ಲಿ ತಮ್ಮನ್ನೇ ಕಂಡರು, ಅದನ್ನು ಬರೆದೂ ಇಟ್ಟರು. ರೋಮ್ ತಲುಪಿದ ಮೇಲೆ ಸಂತರು ಕರಡಿಯನ್ನು ಬಿಡುಗಡೆ ಮಾಡಿದರಂತೆ, ರಾಟ್ಸಿಂಗರ್‌ಗೆ ಆ ಬಿಡುಗಡೆ ಸಿಗಲಿಲ್ಲ. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಆದಾಗ ಕರಡಿಯೂ ಪೋಪರ ಗುರಾಣಿಗೆ ಬಂತು. ಜೊತೆಗಿದ್ದ ಚಿಪ್ಪು ಯಾತ್ರಿಕರ ಗುರುತು. ಚಿಪ್ಪಿನಿಂದ ಸಮುದ್ರದ ನೀರನ್ನು ಗುಂಡಿಗೆ ತುಂಬಿಸಲು ಹೊರಟ ಮಗುವನ್ನು ಸಂತ ಅಗಸ್ಟಿನ್ ಕಂಡ ಕಥೆಯನ್ನೂ ಅದು ನೆನಪಿಸುತ್ತದೆ.

ಹೊರ್ಹೆ ಬೆರ್ಗೊಲ್ಯೊ 1992ರಲ್ಲಿ ಬ್ಯೂನಸ್ ಐರಿಸ್‌ನ ಸಹಾಯಕ ಬಿಷಪ್ ಆದರು. ಅವರ ನೀಲಿ ಗುರಾಣಿಯಲ್ಲಿ ಅವರು ಸೇರಿದ್ದ ಯೇಸು ಸಭೆಯ (ಜೆಸ್ವಿಟ್) ಸೂರ್ಯನ ಗುರುತು, ಅದರ ಕೆಳಗೆ ಮರಿಯಮ್ಮನವರಿಗಾಗಿ ನಕ್ಷತ್ರ, ಜೋಸೆಫರಿಗಾಗಿ ಜಟಾಮಾಂಸಿಯ ಹೂಗೊಂಚಲು. ಎಷ್ಟೋ ಜನ ಅದನ್ನು ದ್ರಾಕ್ಷಿ ಅಂದುಕೊಂಡರು! 2013ರಲ್ಲಿ ಪೋಪ್ ಫ್ರಾನ್ಸಿಸ್ ಆದಾಗ ಐದು ಮೂಲೆಯ ನಕ್ಷತ್ರ ಎಂಟು ಮೂಲೆಯದಾಯಿತು. ಗುರಾಣಿಯ ಒಳಗಿನ ಉಳಿದ ಚಿಹ್ನೆಗಳು ಹಾಗೆಯೇ ಉಳಿದವು.

ಕರೋಲ್ ವೊಯ್ತಿವಾ, ಅಂದರೆ ಪೋಪ್ ಎರಡನೇ ಜಾನ್ ಪಾಲ್, ಅವರದ್ದು ತೀರಾ ಸರಳ. ನೀಲಿ ಹಿನ್ನೆಲೆ, ಮಧ್ಯಕ್ಕಿಂತ ಸ್ವಲ್ಪ ಸರಿದ ಚಿನ್ನದ ಶಿಲುಬೆ, ಅದರ ಅಡಿಯಲ್ಲಿ ಮರಿಯಮ್ಮನವರ ಹೆಸರಿನ ಮೊದಲಕ್ಷರ ‘ಎಂ’. ಗುರಾಣಿಯಲ್ಲಿ ಅಕ್ಷರ ಬರೆಯುವುದನ್ನು ಲಾಂಛನ ಬಲ್ಲವರು ಒಪ್ಪುವುದಿಲ್ಲ. ಆದರೆ ಶಿಲುಬೆಯ ಬುಡದಲ್ಲಿ ತಾಯಿ ನಿಂತಿದ್ದಾಳೆ ಎಂದು ಮಗುವಿಗೂ ಅರ್ಥವಾಗುವ ಹಾಗಿದೆ, ಅಲ್ವಾ?

14ನೇ ಲಿಯೋ ಅವರ ಗುರಾಣಿಯನ್ನು ಓರೆಯಾಗಿ ಎರಡು ಮಾಡಲಾಗಿದೆ. ಮೇಲೆ ನೀಲಿಯಲ್ಲಿ ಬಿಳಿ ಲಿಲ್ಲಿ. ಕೆಳಗೆ ಮುಚ್ಚಿದ ಪುಸ್ತಕದ ಮೇಲೆ ಬಾಣ ನಾಟಿದ, ಉರಿಯುವ ಹೃದಯ. ಅದು ಅವರು ಸೇರಿದ ಅಗಸ್ಟಿನ್ ಸಭೆಯ ಗುರುತು. ದೇವರ ವಾಕ್ಯ ತನ್ನ ಹೃದಯವನ್ನು ಇರಿಯಿತು ಎಂದ ಅಗಸ್ಟಿನರ ಅನುಭವ ಅಲ್ಲಿದೆ.

ಕೆಳಗಿನ ಪಟ್ಟಿಯಲ್ಲಿರುವ ವಾಕ್ಯ ಏನು?

ಅದು ಧ್ಯೇಯವಾಕ್ಯ. ಲ್ಯಾಟಿನ್‌ನಲ್ಲೇ ಇರಬೇಕೆಂದಿಲ್ಲ. ಬೊರೊಮಿಯೊ ಮನೆತನದ ಲಾಂಛನದಲ್ಲಿ ಇದ್ದದ್ದು ‘ವಿನಯ’ ಎಂಬ ಒಂದೇ ಪದ. ಮುಂದೆ ಪೋಪ್ 23ನೇ ಜಾನ್ ಆದ ರೊಂಕಾಲ್ಲಿ 1925ರಲ್ಲಿ ಬಿಷಪ್ ಆದಾಗ ‘ವಿಧೇಯತೆ ಮತ್ತು ಶಾಂತಿ’ ಎಂಬುದನ್ನು ಆರಿಸಿಕೊಂಡರು. ಫ್ರಾನ್ಸಿಸ್ ಅವರದ್ದು ಸಂತ ಬೀಡ್ ಅವರ ಪ್ರವಚನದಿಂದ ಬಂದದ್ದು: ಯೇಸು ಸುಂಕದ ಮತ್ತಾಯನನ್ನು ಕರುಣೆಯಿಂದ ನೋಡಿದರು, ಆರಿಸಿಕೊಂಡರು. 1953ರಲ್ಲಿ ಮತ್ತಾಯರ ಹಬ್ಬದ ದಿನವೇ ಹದಿಹರೆಯದ ಬೆರ್ಗೊಲ್ಯೊಗೆ ದೇವರ ಕರೆ ಅನುಭವಕ್ಕೆ ಬಂದಿತ್ತು.

ಧ್ಯೇಯವಾಕ್ಯ ಎಷ್ಟು ಭಾರವಾಗಬಹುದು ಎಂದು ತಿಳಿಯಲು ಓಸ್ಕರ್ ರೊಮೆರೊ ಅವರ ಬದುಕು ನೋಡಬೇಕು. 1970ರಲ್ಲಿ ಬಿಷಪ್ ಆದಾಗ ಅವರು ಸ್ಪ್ಯಾನಿಷ್‌ನಲ್ಲಿ ಆರಿಸಿಕೊಂಡ ಮಾತಿನ ಅರ್ಥ ‘ಧರ್ಮಸಭೆಯೊಂದಿಗೆ ಮಿಡಿಯುವುದು’. ಆಗ ಅವರು ಪುಸ್ತಕ ಪ್ರಿಯ, ಜಾಗರೂಕ ಮನುಷ್ಯ. 1977ರ ಫೆಬ್ರವರಿಯಲ್ಲಿ ಎಲ್ ಸಾಲ್ವಡೋರ್‌ನ ಸ್ಯಾನ್ ಸಾಲ್ವಡೋರ್‌ಗೆ ಆರ್ಚ್‌ಬಿಷಪ್ ಆಗಿ ಬಂದರು. ಮಾರ್ಚ್ 12ರಂದು ಅವರ ಗೆಳೆಯ ಫಾದರ್ ರುಟಿಲಿಯೊ ಗ್ರಾಂಡೆಯನ್ನು ಗುಂಡಿಟ್ಟು ಕೊಂದರು. ಜೊತೆಗೆ ಒಬ್ಬ ಮುದುಕ, ಒಬ್ಬ ಹುಡುಗ ಸತ್ತರು. ಅಲ್ಲಿಂದ ರೊಮೆರೊ ಪ್ರತಿ ಭಾನುವಾರ ಪ್ರವಚನದಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಓದತೊಡಗಿದರು. ದೇಶ ರೇಡಿಯೋ ಹಚ್ಚಿ ಕೇಳುತ್ತಿತ್ತು. ಅವರು ವಾಸವಿದ್ದದ್ದು ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯ ಆವರಣದ ಪುಟ್ಟ ಮನೆಯಲ್ಲಿ. 1980ರ ಮಾರ್ಚ್ 24ರಂದು ಅದೇ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಬಲಿಪೂಜೆ ನಡೆಸುವಾಗ ಅವರನ್ನು ಕೊಂದರು. 2018ರ ಅಕ್ಟೋಬರ್ 14ರಂದು ಅವರನ್ನು ಸಂತರೆಂದು ಘೋಷಿಸಿದರು. ಧರ್ಮಸಭೆ ಅಂದರೆ ಆ ಬಡ ಜನರೂ ಹೌದು ಎಂದು ಅವರು ಬದುಕಿ ತೋರಿಸಿದರು.

ಬಡವರ ಪರ ಮಾತಾಡುವ ಸಭೆಗೆ ಇಷ್ಟೆಲ್ಲ ಅಲಂಕಾರ ಬೇಕೇ?

ಈ ಪ್ರಶ್ನೆಯನ್ನು ಬಿಷಪರೇ ಕೇಳಿಕೊಂಡಿದ್ದಾರೆ. 1965ರ ನವೆಂಬರ್ 16ರಂದು ಸುಮಾರು 40 ಬಿಷಪರು ರೋಮ್‌ನ ಡೊಮಿಟಿಲ್ಲಾ ಭೂಗತ ಸಮಾಧಿಯಲ್ಲಿ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಜನರಂತೆಯೇ ಸಾಧಾರಣ ಮನೆಯಲ್ಲಿ ಇರುತ್ತೇವೆ, ಚಿನ್ನ ಬೆಳ್ಳಿಯ ಚಿಹ್ನೆ ಬಿಡುತ್ತೇವೆ, ದೊಡ್ಡ ದೊಡ್ಡ ಬಿರುದುಗಳಿಂದ ಕರೆಸಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟರು. ಲಾಂಛನ ಇರಲೇಬೇಕು ಎಂದು ಕಾನೂನು ಸಂಹಿತೆ ಎಲ್ಲೂ ಹೇಳುವುದಿಲ್ಲ. ನನ್ನ ಮಾತು ಕೇಳಿದರೆ, ಇರಲಿ. ಬಿಷಪ್ ತಾನು ಏನು ಮಾಡಲು ಬಂದಿದ್ದೇನೆ ಎಂದು ಮೊದಲ ದಿನವೇ ಎಲ್ಲರೆದುರು ಚಿತ್ರ ಬರೆದು ಇಟ್ಟಂತೆ ಅದು. ಹತ್ತು ವರ್ಷದ ನಂತರ ಜನ ಅದನ್ನು ತೋರಿಸಿ, ಕೊಟ್ಟ ಮಾತು ಎಲ್ಲಿ ಎಂದು ಕೇಳಬಹುದು.

ಆರ್ಚ್‌ಬಿಷಪ್ ಕುತ್ತಿಗೆಗೆ ಹಾಕುವ ಬಿಳಿ ಪಟ್ಟಿ ಏನು?

ಪಾಲಿಯಂ. ಕುರಿಯ ಉಣ್ಣೆಯದು, ಆರು ಕಪ್ಪು ಶಿಲುಬೆಗಳಿರುತ್ತವೆ. ಪ್ರಾಂತದ ಮುಖ್ಯಸ್ಥರಾದ ಆರ್ಚ್‌ಬಿಷಪರಿಗೆ ಮಾತ್ರ. ಜೂನ್ 29ರ ಪೇತ್ರ ಪೌಲರ ಹಬ್ಬದಂದು ಆಶೀರ್ವದಿಸುತ್ತಾರೆ. ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನನ್ನು ಅದು ನೆನಪಿಸುತ್ತದೆ. ಕೆಲವರ ಲಾಂಛನದಲ್ಲೂ ಇದನ್ನು ಕಾಣಬಹುದು.

ಬಿಷಪರಿಗೆ ನಿವೃತ್ತಿ ಇದೆಯೇ? ಆಗ ಲಾಂಛನ ಏನಾಗುತ್ತದೆ?

75 ತುಂಬಿದಾಗ ಪೋಪರಿಗೆ ರಾಜೀನಾಮೆ ಪತ್ರ ಕೊಡಬೇಕು. ಪೋಪ್ ಕೂಡಲೇ ಒಪ್ಪಬಹುದು, ಇನ್ನೂ ಸ್ವಲ್ಪ ಕಾಲ ಇರಿ ಎನ್ನಲೂಬಹುದು. ನಿವೃತ್ತರಾದರೂ ಅವರು ಬಿಷಪರೇ. ದೀಕ್ಷೆ ಅಳಿಯುವುದಿಲ್ಲ. ಅವರ ಸ್ವಂತ ಲಾಂಛನ ಅವರ ಬಳಿಯೇ ಉಳಿಯುತ್ತದೆ. ಧರ್ಮಪ್ರಾಂತ್ಯದ್ದನ್ನು ಅದರೊಂದಿಗೆ ಸೇರಿಸಿದ್ದರೆ ಆ ಭಾಗವನ್ನು ಬಿಡುತ್ತಾರೆ. ತೀರಿಕೊಂಡ ಮೇಲೆ ತಮ್ಮ ಪ್ರಧಾನ ದೇವಾಲಯದೊಳಗೆ ಸಮಾಧಿಯಾಗುವ ಹಕ್ಕೂ ಇದೆ. ಸಾಮಾನ್ಯವಾಗಿ ಚರ್ಚಿನೊಳಗೆ ಬೇರೆ ಯಾರನ್ನೂ ಹೂಳುವಂತಿಲ್ಲ.

ನಮ್ಮ ಚರ್ಚಿನ ಆಮಂತ್ರಣ ಪತ್ರಿಕೆಯಲ್ಲಿ ಬಿಷಪರ ಲಾಂಛನ ಹಾಕಬಹುದೇ?

ಕೇಳಿ ಹಾಕಿ. ಲಾಂಛನ ಒಂದು ರೀತಿಯಲ್ಲಿ ಬಿಷಪರ ಸಹಿ ಇದ್ದ ಹಾಗೆ. ಅದು ಇರುವ ಕಾಗದವನ್ನು ಜನ ಬಿಷಪರ ಕಚೇರಿಯದೇ ಎಂದು ನಂಬುತ್ತಾರೆ. ಬಿಷಪರೇ ಬಂದು ನಡೆಸುವ ಕಾರ್ಯಕ್ರಮವಾದರೆ ಧರ್ಮಾಧ್ಯಕ್ಷರ ಕಚೇರಿಯಿಂದ ಒಪ್ಪಿಗೆ ಮತ್ತು ಸರಿಯಾದ ಚಿತ್ರ ಎರಡನ್ನೂ ಪಡೆಯಿರಿ. ಇಂಟರ್ನೆಟ್‌ನಲ್ಲಿ ಸಿಕ್ಕಿದ ಚಿತ್ರವನ್ನು ಸುಮ್ನೆ ಅಂಟಿಸಬೇಡಿ. ಅಚ್ಚಿಗೆ ಕೊಡುವ ಮುಂಚೆ ಕುಚ್ಚುಗಳನ್ನು ಒಮ್ಮೆ ಎಣಿಸಿ, ಟೋಪಿಯ ಬಣ್ಣ ಹಸಿರೇ ಬಂದಿದೆಯೇ ಎಂದೂ ನೋಡಿ.